ಟರ್ಬೊ ಕಾರಿಗೆ ಆಯಿಲ್ ಕ್ಯಾಚ್ ಕ್ಯಾನ್ ಬೇಕೇ? ಹಾಕಿಸುವ ಮುನ್ನ ನೋಡಬೇಕಾದ್ದು, ಹಾಕಿಸಿದ ಮೇಲೆ ಮಾಡಬೇಕಾದ್ದು

ಚಳಿ ಬಿದ್ದು ಕಾಫಿ ಕುಯ್ಲು ಶುರುವಾಯಿತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯಿಂದ ನನಗೆ ಒಂದೇ ಬಗೆಯ ಫೋಟೊಗಳು ಬರತೊಡಗುತ್ತವೆ. ಬಾನೆಟ್ ಎತ್ತಿ, ಎಂಜಿನ್ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದರ ಒಳಮೈ ತೋರಿಸಿರುತ್ತಾರೆ. ಅಲ್ಲಿ ಮಜ್ಜಿಗೆ ಕಡೆದಾಗ ಮೇಲೆ ತೇಲುವ ಬೆಣ್ಣೆಯಂತೆ ಹಳದಿ ಬೆರೆತ ಬಿಳಿ ಲೇಪ ಮೆತ್ತಿಕೊಂಡಿರುತ್ತದೆ. ಕೆಳಗೆ ಪ್ರಶ್ನೆ: "ಸರ್, ಟರ್ಬೊ ಗಾಡಿ. ಆಯಿಲ್ ಕ್ಯಾಚ್ ಕ್ಯಾನ್ ಹಾಕಿಸಿದರೆ ಸರಿಹೋಗುತ್ತದೆಯೇ?"

ಒಬ್ಬೊಬ್ಬರಿಗೂ ಉತ್ತರ ಬರೆದು ಸಾಕಾಗಿದೆ. ಎಲ್ಲರಿಗೂ ಸೇರಿಸಿ ಇಲ್ಲಿ ಹೇಳುತ್ತೇನೆ. ಕ್ಯಾಚ್ ಕ್ಯಾನ್ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಎಂಜಿನ್ನಿನ ಹೊಟ್ಟೆಯಿಂದ ಅನಿಲ ಹೊರಬರುವ ಪೈಪಿನ ನಡುವೆ ಕೂರಿಸಿ ಎಣ್ಣೆ ಹಿಡಿಯುವ ಡಬ್ಬಿಯೇ ಹೊರತು ಎಂಜಿನ್‌ಗೆ ಕೊಡುವ ಔಷಧಿಯಲ್ಲ. ನೇರ ಇಂಜೆಕ್ಷನ್ ಇರುವ ಟರ್ಬೊ ಪೆಟ್ರೋಲ್ ಕಾರನ್ನು ವಾರಂಟಿ ಮುಗಿದ ಮೇಲೂ ವರ್ಷಗಟ್ಟಲೆ ಇಟ್ಟುಕೊಳ್ಳುವವರಿಗೂ, ವಯಸ್ಸಾದ ಟರ್ಬೊ ಡೀಸೆಲ್ ಓಡಿಸುವವರಿಗೂ ಅದರಿಂದ ಉಪಯೋಗವಿದೆ. ಉಳಿದ ಬಹುಪಾಲು ಜನರು ಅದೇ ದುಡ್ಡಿನಲ್ಲಿ ಆಯಿಲನ್ನು ಒಂದು ಸಲ ಬೇಗ ಬದಲಿಸಿದರೆ ಹೆಚ್ಚು ಲಾಭ. ಡಬ್ಬಿಯನ್ನು ನೆನಪಿಟ್ಟು ಖಾಲಿ ಮಾಡುವ ಅಭ್ಯಾಸ ಇಲ್ಲದವರು ಮಾತ್ರ ದಯವಿಟ್ಟು ಹಾಕಿಸಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಆ ಎಣ್ಣೆ ಬರುವುದು ಎಲ್ಲಿಂದ

ಸಿಲಿಂಡರಿನೊಳಗೆ ಇಂಧನ ಉರಿದಾಗ ಸ್ವಲ್ಪ ಅನಿಲ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ ನುಸುಳುತ್ತದೆ. ಇದಕ್ಕೆ ಬ್ಲೋ-ಬೈ ಎಂದು ಹೆಸರು. ಶೋರೂಮಿನಿಂದ ನಿನ್ನೆ ತಂದ ಗಾಡಿಯಲ್ಲೂ ಅದು ಇದ್ದದ್ದೇ. ಕೆಳಗಿರುವುದು ಕ್ರ್ಯಾಂಕ್‌ಕೇಸ್, ಅಂದರೆ ಕ್ರ್ಯಾಂಕ್ ಶಾಫ್ಟ್ ತಿರುಗುವ, ಆಯಿಲ್ ನಿಂತಿರುವ ಎಂಜಿನ್ನಿನ ಹೊಟ್ಟೆ. ಅಲ್ಲಿ ಎಣ್ಣೆಯ ಸಣ್ಣ ಹನಿಗಳು ಮುಳ್ಳಯ್ಯನಗಿರಿಯ ಮಂಜಿನಂತೆ ಸದಾ ಹಾರಾಡುತ್ತಿರುತ್ತವೆ. ನುಸುಳಿ ಬಂದ ಅನಿಲಕ್ಕೆ ಉರಿಯದ ಇಂಧನದ ಆವಿ, ನೀರಿನ ಆವಿ, ಈ ಎಣ್ಣೆಯ ಮಂಜು ಎಲ್ಲವೂ ಬೆರೆತು ಒಳಗೆ ಒತ್ತಡ ಏರುತ್ತದೆ. ಹೊರಹೋಗಲು ದಾರಿ ಕೊಡದಿದ್ದರೆ ಅದು ಆಯಿಲ್ ಸೀಲುಗಳನ್ನು ದಾಟಿಕೊಂಡು ತಾನೇ ದಾರಿ ಮಾಡಿಕೊಳ್ಳುತ್ತದೆ.

ಹಿಂದಿನ ಗಾಡಿಗಳಲ್ಲಿ ಒಂದು ಪೈಪಿಟ್ಟು ಈ ಹೊಗೆಯನ್ನು ರಸ್ತೆಗೆ ಬಿಡುತ್ತಿದ್ದರು. 1960ರ ದಶಕದಿಂದ ಅದನ್ನು ಎಂಜಿನ್ನಿಗೇ ಮರಳಿ ಉಣಿಸಿ ಸುಡುವ ಪದ್ಧತಿ ಬಂದಿತು. ಇದೇ ಪಿಸಿವಿ ವ್ಯವಸ್ಥೆ. ಮೆಕ್ಯಾನಿಕ್‌ಗಳು ಪಿಸಿವಿ ವಾಲ್ವ್ ಎನ್ನುವುದು ಆ ದಾರಿಯಲ್ಲಿ ಕುಳಿತ ಒಮ್ಮುಖ ಕವಾಟಕ್ಕೆ.

ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ ಈ ಅನಿಲಕ್ಕೆ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ಇದನ್ನು ಅರ್ಥ ಮಾಡಿಕೊಳ್ಳಲು ಚಾರ್ಮಾಡಿ ಘಾಟಿಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಕೊಟ್ಟಿಗೆಹಾರ ದಾಟಿ ಎರಡನೇ ಗೇರಿನಲ್ಲಿ ಇಳಿಯುತ್ತಿದ್ದೀರಿ, ಆಕ್ಸಿಲರೇಟರಿನ ಮೇಲೆ ಕಾಲಿಲ್ಲ ಎಂದುಕೊಳ್ಳಿ. ಗಾಳಿಯ ಬಾಗಿಲು (ಥ್ರಾಟಲ್) ಮುಚ್ಚಿದೆ, ಎಂಜಿನ್ ಮಾತ್ರ ಗಾಳಿಗಾಗಿ ಎಳೆಯುತ್ತಿದೆ. ಆಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ, ಗಟ್ಟಿಯಾದ ನಿರ್ವಾತ ಹುಟ್ಟುತ್ತದೆ. ಅದು ಪಿಸಿವಿ ವಾಲ್ವಿನ ಮೂಲಕ ಕ್ರ್ಯಾಂಕ್‌ಕೇಸಿನ ಮಂಜನ್ನು ಹೀರಿಕೊಳ್ಳುತ್ತದೆ. ಇದು ಮೊದಲನೆಯ ದಾರಿ. ಮರಳಿ ಉಜಿರೆ ಕಡೆಯಿಂದ ಹತ್ತುವಾಗ ಟರ್ಬೊ ಗಾಳಿಯನ್ನು ಒತ್ತುತ್ತದೆ. ಮ್ಯಾನಿಫೋಲ್ಡಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚಾಗಿ ಪಿಸಿವಿ ವಾಲ್ವ್ ಮುಚ್ಚಿಕೊಳ್ಳುತ್ತದೆ. ಬ್ಲೋ-ಬೈ ಅತಿ ಹೆಚ್ಚಿರುವುದೂ ಇದೇ ಹೊತ್ತಿನಲ್ಲಿ. ಆಗ ಅನಿಲವೆಲ್ಲ ಬ್ರೀದರ್ ಎಂಬ ಇನ್ನೊಂದು ಪೈಪು ಹಿಡಿದು, ಏರ್ ಫಿಲ್ಟರಿಗೂ ಟರ್ಬೊಗೂ ನಡುವಿನ ಕೊಳವೆಗೆ ಸೇರಿ, ಟರ್ಬೊ ಚಕ್ರವನ್ನು ಹಾಯ್ದು ಇಂಟರ್‌ಕೂಲರಿಗೆ ಹೋಗುತ್ತದೆ. ಇಂಟರ್‌ಕೂಲರ್ ಎಂದರೆ ಟರ್ಬೊದಿಂದ ಬಿಸಿಯಾಗಿ ಬಂದ ಗಾಳಿಯನ್ನು ತಣಿಸುವ ರೇಡಿಯೇಟರ್. ಅದರ ತಳದಲ್ಲಿ ಎಣ್ಣೆಯ ಪಸೆ ಕಾಣುವುದು ಇದರಿಂದಲೇ.

ಇನ್ನು ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಹೆಚ್ಚಿನದು ಸೈಲೆನ್ಸರಿನಿಂದ ಹೊರಹೋಗುತ್ತದೆ, ಕೊಂಚ ಭಾಗ ಬ್ಲೋ-ಬೈ ಜೊತೆ ಕೆಳಗಿಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಆ ನೀರು ಮತ್ತೆ ಆವಿಯಾಗಿ ಪಿಸಿವಿ ದಾರಿಯಲ್ಲಿ ಹೋಗುತ್ತದೆ. ಡಿಸೆಂಬರಿನ ಬೆಳಿಗ್ಗೆ ತೋಟದ ಮನೆಯಿಂದ ಪೇಟೆಗೆ ಐದು ಕಿಲೋಮೀಟರ್ ಬಂದು, ಹಾಲು, ಪತ್ರಿಕೆ ತೆಗೆದುಕೊಂಡು ಮರಳಿದರೆ ಕಾಯುವುದೆಲ್ಲಿಂದ ಬಂತು? ಮುಚ್ಚಳದ ಬೆಣ್ಣೆ ಎಂದರೆ ಹೀಗೆ ಉಳಿದುಹೋದ ನೀರು ಮತ್ತು ಎಣ್ಣೆ ಕಲಸಿಕೊಂಡದ್ದು. ಕೂಲೆಂಟ್ ಮಟ್ಟ ಇಳಿಯದೆ, ಡಿಪ್‌ಸ್ಟಿಕ್ಕಿನ (ಎಣ್ಣೆಯ ಮಟ್ಟ ಅಳೆಯುವ ಕಡ್ಡಿಯ) ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗದೆ ಇದ್ದರೆ, ಕೂಲೆಂಟ್ ಎಣ್ಣೆಗೆ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಹೆದರಬೇಕಿಲ್ಲ. ವಾರಕ್ಕೊಮ್ಮೆ ಹಾಸನದವರೆಗೆ ಹೋಗಿಬನ್ನಿ, ಅರ್ಧಕ್ಕರ್ಧ ಕರಗುತ್ತದೆ.

ಯಾವ ಎಂಜಿನ್ನಿಗೆ ಅರ್ಥವಿದೆ

ಹಳೆಯ ಪದ್ಧತಿಯ ಪೆಟ್ರೋಲ್ ಎಂಜಿನ್ನಿನಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಇನ್‌ಟೇಕ್ ವಾಲ್ವಿನ ಬೆನ್ನಿಗೆ ಎರಚುತ್ತದೆ. ಇದು ಪೋರ್ಟ್ ಇಂಜೆಕ್ಷನ್. ವಾಲ್ವಿನ ಮೇಲೆ ಎಣ್ಣೆ ಕೂತರೂ ಪೆಟ್ರೋಲ್ ಅದನ್ನು ತೊಳೆಯುತ್ತಿರುತ್ತದೆ. ನೇರ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ಸೀದಾ ಸಿಲಿಂಡರಿನೊಳಗೇ ಬೀಳುತ್ತದೆ. ವಾಲ್ವಿನ ಬೆನ್ನು ತೊಳೆಯಲು ಯಾರೂ ಇಲ್ಲ. ಪಿಸಿವಿಯಿಂದ ಬಂದ ಎಣ್ಣೆ ಅಲ್ಲಿ ಸುಟ್ಟು, ಹೊತ್ತಿದ ಬಾಣಲೆಯ ತಳದಂತೆ ಪದರ ಪದರವಾಗಿ ಕರಿ ಕಟ್ಟುತ್ತದೆ. ಕ್ಯಾಚ್ ಕ್ಯಾನ್ ಪರವಾದ ವಾದದ ತಿರುಳು ಇಷ್ಟೇ.

ಹ್ಯುಂಡೈ ಮತ್ತು ಕಿಯಾದ ಟರ್ಬೊ ಜಿಡಿಐ ಎಂಜಿನ್‌ಗಳು, ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್ನಿನ 1.0 ಹಾಗೂ 1.5 ಟಿಎಸ್‌ಐ, ಮಹೀಂದ್ರದ ಟಿಜಿಡಿಐ ಇವೆಲ್ಲ ನೇರ ಇಂಜೆಕ್ಷನ್ನಿನವು. ಟಾಟಾ ನೆಕ್ಸಾನಿನ 1.2 ರೆವೊಟ್ರಾನ್ ಟರ್ಬೊ, ನಿಸಾನ್ ಮ್ಯಾಗ್ನೈಟಿನ 1.0 ಟರ್ಬೊ ಪೋರ್ಟ್ ಇಂಜೆಕ್ಷನ್ನಿನವು. ಈ ಎರಡನೆಯ ಗುಂಪಿನವರು ಲೇಖನವನ್ನು ಇಲ್ಲಿಗೇ ಬಿಟ್ಟು, ಎರಡನೆಯ ಹಂತವನ್ನಷ್ಟೇ ಓದಿಕೊಂಡರೂ ನಷ್ಟವಿಲ್ಲ.

ಡೀಸೆಲಿನ ಕಥೆ ಬೇರೆ. ಅಲ್ಲಿ ಇಜಿಆರ್ ಎಂಬ ವ್ಯವಸ್ಥೆಯಿದೆ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸಿ ಮಾಲಿನ್ಯ ತಗ್ಗಿಸುವ ಉಪಾಯ ಅದು. ಅದರಿಂದ ಬರುವ ಮಸಿಯೂ ಬ್ರೀದರಿನಿಂದ ಬರುವ ಎಣ್ಣೆಯೂ ಮ್ಯಾನಿಫೋಲ್ಡಿನಲ್ಲಿ ಭೇಟಿಯಾದರೆ ಡಾಂಬರಿನಂಥ ಅಂಟು. ಎಣ್ಣೆಯನ್ನು ತಡೆದರೆ ಮಸಿ ಒಣಗಿಯೇ ಉಳಿಯುತ್ತದೆ, ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ.

ಒಂದು ಮಾತು ಸ್ಪಷ್ಟವಾಗಲಿ. ಕ್ಯಾನ್ ಹಾಕಿದರೆ ಪಿಕಪ್ ಹೆಚ್ಚುವುದಿಲ್ಲ, ಮೈಲೇಜ್ ಏರುವುದಿಲ್ಲ. ಈಗಾಗಲೇ ಕಟ್ಟಿದ ಕರಿ ಹೋಗುವುದಿಲ್ಲ. ಅದನ್ನು ತೆಗೆಯಲು ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಎರಚಿ ಕೆರೆಯಬೇಕು. ರಿಂಗು ಸವೆದ ಎಂಜಿನ್ನೂ ಕ್ಯಾನಿನಿಂದ ಗುಣವಾಗುವುದಿಲ್ಲ.

ಹಂತ 1: ಕಾಯಿಲೆ ಇದೆಯೇ ನೋಡಿ

ಬೇಕಾದ್ದು: ಹಳೆಯ ಬಿಳಿ ಬನಿಯನ್ನಿನ ತುಂಡು, ಒಂದು ತೆಳು ರಬ್ಬರ್ ಕೈಗವಸು, ಸ್ಕ್ರೂಡ್ರೈವರ್, ನೋಟ್‌ಬುಕ್.

ಮೊದಲು ಡಿಪ್‌ಸ್ಟಿಕ್. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಮಲೆನಾಡಿನಲ್ಲಿ ಇದೇ ದೊಡ್ಡ ಕೆಲಸ. ಇಳಿಜಾರಿನ ಅಂಗಳದಲ್ಲಿ ನಿಂತು ಅಳೆದ ಮಟ್ಟಕ್ಕೆ ಅರ್ಥವಿಲ್ಲ, ಪೆಟ್ರೋಲ್ ಬಂಕಿನ ಸಿಮೆಂಟ್ ನೆಲ ಒಳ್ಳೆಯದು. ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ನೋಡಿ, ಕಿಲೋಮೀಟರ್ ಸಹಿತ ಬರೆದಿಡಿ. ಸಾವಿರ ಕಿಲೋಮೀಟರ್ ಆದ ಮೇಲೆ ಅದೇ ಜಾಗದಲ್ಲಿ ಮತ್ತೆ ನೋಡಿ. ಮಟ್ಟ ಅಲುಗಿಲ್ಲವೆಂದರೆ ನಿಮ್ಮ ಎಂಜಿನ್ ಗಣನೀಯವಾಗಿ ಎಣ್ಣೆ ತಿನ್ನುತ್ತಿಲ್ಲ. ಮಟ್ಟ ಏರಿದ್ದರೆ ಸಂತೋಷಪಡಬೇಡಿ, ಉರಿಯದ ಇಂಧನ ಎಣ್ಣೆಗೆ ಬೆರೆಯುತ್ತಿರಬಹುದು. ಸಣ್ಣ ಓಟದ ನೇರ ಇಂಜೆಕ್ಷನ್ ಗಾಡಿಗಳಲ್ಲಿ ಇದು ಕಾಣುವಂಥದ್ದೇ.

ಎರಡನೆಯದು ಬಟ್ಟೆ ಪರೀಕ್ಷೆ. ಎಂಜಿನ್ ತಣ್ಣಗಿರುವಾಗ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಪೈಪಿನ ಕ್ಲಿಪ್ ಸಡಿಲಿಸಿ, ಒಳಗೆ ಬನಿಯನ್ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆಗೆ ತೆಳ್ಳಗೆ ಕಂದು ಬಣ್ಣ ಹತ್ತಿ, ಬೆರಳಿಗೆ ಪಸೆ ತಾಗಿದರೆ ಅದು ಸಹಜ. ಬಟ್ಟೆ ನೆನೆದು ತೊಟ್ಟಿಕ್ಕಿದರೆ ಅಥವಾ ಪೈಪಿನ ತಗ್ಗಿನಲ್ಲಿ ಚಮಚಗಟ್ಟಲೆ ಎಣ್ಣೆ ನಿಂತಿದ್ದರೆ ಸಹಜವಲ್ಲ. ಹಾಗೆಂದು ನೇರವಾಗಿ ಕ್ಯಾನ್ ಖರೀದಿಗೆ ಹೊರಡಬೇಡಿ. ಟರ್ಬೊದ ಸೀಲ್ ಹೋಗಿದ್ದರೂ, ಟರ್ಬೊದಿಂದ ಎಣ್ಣೆ ಕೆಳಗಿಳಿಯುವ ಪೈಪು ಕಟ್ಟಿಕೊಂಡಿದ್ದರೂ ಹೀಗೇ ಕಾಣುತ್ತದೆ. ಬ್ರೀದರ್ ಪೈಪು ಟರ್ಬೊ ಬಾಯಿಗೆ ಸೇರುವ ಜಾಗವನ್ನು ಒರೆಸಿ ನೋಡಿ. ಅಲ್ಲಿ ಒಣಗಿದ್ದು, ಟರ್ಬೊ ದಾಟಿದ ಮೇಲೆ ಒದ್ದೆಯಿದ್ದರೆ ತಪ್ಪು ಟರ್ಬೊದ್ದು. ಕ್ಯಾನ್ ಅದಕ್ಕೆ ಏನೂ ಮಾಡಲಾರದು.

ಮೂರನೆಯದು ಕೈಗವಸಿನ ಪರೀಕ್ಷೆ. ಪೆಟ್ರೋಲ್ ಗಾಡಿಯಾದರೆ ಎಂಜಿನ್ ಕಾದ ಮೇಲೆ ಐಡಲಿನಲ್ಲಿ ಬಿಟ್ಟು, ಆಯಿಲ್ ಮುಚ್ಚಳ ತೆಗೆದು, ಆ ಬಾಯಿಗೆ ಕೈಗವಸನ್ನು ಬಿಗಿಯಾಗಿ ಹಿಡಿಯಿರಿ. ಮುಚ್ಚಳ ತೆಗೆದ ಕ್ಷಣ ಎಂಜಿನ್ ತಡವರಿಸಿದರೆ ಗಾಬರಿ ಬೇಡ. ಕೈಗವಸು ಮೆಲ್ಲಗೆ ಒಳಗೆ ಎಳೆದುಕೊಂಡರೆ ಪಿಸಿವಿ ಸರಿಯಿದೆ. ಹಸುವಿನ ಕೆಚ್ಚಲಿನಂತೆ ಉಬ್ಬಿ ನಿಂತರೆ ಪಿಸಿವಿ ಕಟ್ಟಿದೆ ಅಥವಾ ರಿಂಗು ಸವೆದಿದೆ. ಜೋರಾಗಿ ಎಳೆದು ಸಿಳ್ಳೆಯಂಥ ಸದ್ದು ಬಂದರೆ ಪಿಸಿವಿಯ ಒಳಗಿನ ರಬ್ಬರ್ ಪೊರೆ ಹರಿದಿರುವ ಸಾಧ್ಯತೆ ಹೆಚ್ಚು. ಡೀಸೆಲಿನಲ್ಲಿ ಹೀಗೆ ಎಳೆತ ನಿರೀಕ್ಷಿಸಬೇಡಿ. ಸ್ವಲ್ಪ ಹೊಗೆಯಾಡಿದರೆ ಸರಿ, ರೈಲಿನಂತೆ ಚುಕುಚುಕು ಎಂದು ಒತ್ತಿ ಬಂದರೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಎರಡಕ್ಕೂ ಎಚ್ಚರಿಕೆ ಒಂದೇ: ಬೆಲ್ಟು ಮತ್ತು ಫ್ಯಾನ್ ತಿರುಗುತ್ತಿರುತ್ತವೆ, ತೋಳಿನ ಬಟ್ಟೆ ಮಡಚಿಕೊಳ್ಳಿ.

ಹಂತ 2: ಕಡಿಮೆ ಖರ್ಚಿನ ಚಿಕಿತ್ಸೆ

ಹೆಚ್ಚಿನವರ ತೊಂದರೆ ಇಲ್ಲೇ ತೀರುತ್ತದೆ.

ಆಯಿಲ್ ಗರಿಷ್ಠ ಗೆರೆಯ ಮೇಲಿದೆಯೇ ನೋಡಿ. ಸರ್ವೀಸಿನಲ್ಲಿ ಡಬ್ಬಿಯಲ್ಲಿ ಉಳಿದದ್ದನ್ನೂ ಸುರಿದು ಕಳಿಸುವ ಉದಾರಿಗಳು ಎಲ್ಲ ಊರಿನಲ್ಲೂ ಇದ್ದಾರೆ. ಮಟ್ಟ ಮಿತಿಮೀರಿದರೆ ಕ್ರ್ಯಾಂಕ್ ಶಾಫ್ಟ್ ಎಣ್ಣೆಯನ್ನು ಕಡೆಗೋಲಿನಂತೆ ಕಡೆದು ನೊರೆ ಎಬ್ಬಿಸುತ್ತದೆ, ಆ ನೊರೆ ಬ್ರೀದರಿಗೆ ಹೋಗುತ್ತದೆ. ಎರಡು ಗೆರೆಗಳ ನಡುವೆ ಮುಕ್ಕಾಲು ಮಟ್ಟಕ್ಕಿದ್ದರೆ ಸಾಕು.

ಆಯಿಲ್ ದರ್ಜೆ ನೋಡಿ. ಡಬ್ಬಿಯ ಹಿಂದೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಂದು ಬರೆದು ದರ್ಜೆ ತಿಳಿಸುವ ಎರಡು ಅಕ್ಷರ ಇರುತ್ತವೆ. ಟರ್ಬೊ ಪೆಟ್ರೋಲ್ ಎಂಜಿನ್‌ಗಳನ್ನು ಕಾಡುವ ಒಂದು ವಿಶೇಷ ಕಾಯಿಲೆಯಿದೆ: ಕಡಿಮೆ ಆರ್‌ಪಿಎಂನಲ್ಲಿ ಭಾರ ಬಿದ್ದಾಗ, ಕಿಡಿ ಹಾರುವ ಮೊದಲೇ ಇಂಧನ ತಾನಾಗಿ ಹೊತ್ತಿಕೊಳ್ಳುವುದು. ಎಣ್ಣೆಯ ಹನಿಗಳು ಅದಕ್ಕೆ ಒಂದು ಕಾರಣ. ಇದನ್ನು ತಡೆಯುವ ಪರೀಕ್ಷೆಯನ್ನು ಸೇರಿಸಿ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ದರ್ಜೆ ಬಂದವು. ನಿಮ್ಮ ಕೈಪಿಡಿಯಲ್ಲಿ ಹೇಳಿದ ದಪ್ಪ ಮತ್ತು ಕಂಪನಿಯ ಅನುಮೋದನೆ ಹೊಂದುವ ಎಸ್‌ಪಿ ಆಯಿಲ್ ಸಿಕ್ಕರೆ ಅದನ್ನೇ ಹಾಕಿಸಿ.

ಇದರ ಜೊತೆಗೇ ಗೇರಿನ ಮಾತು. ಘಾಟಿ ಹತ್ತುವಾಗ ನಾಲ್ಕನೇ ಗೇರಿನಲ್ಲಿ 1,400 ಆರ್‌ಪಿಎಂಗೆ ಎಂಜಿನ್ನನ್ನು ನರಳಿಸುತ್ತಾ ಕಾಲನ್ನು ಪೂರ್ತಿ ಒತ್ತುವುದು ಮೈಲೇಜ್ ಉಳಿಸುವ ಜಾಣತನವಲ್ಲ. ಮೇಲೆ ಹೇಳಿದ ಕಾಯಿಲೆಗೆ ಅದೇ ಆಹ್ವಾನ. ಒಂದು ಗೇರ್ ಇಳಿಸಿ. ಇಳಿಯುವಾಗ ಎಂಜಿನ್ ಬ್ರೇಕಿಂಗಿನಿಂದ ಪಿಸಿವಿ ಹೆಚ್ಚು ಎಣ್ಣೆ ಎಳೆಯುತ್ತದೆ ಎಂದೆನಲ್ಲವೇ, ಆ ಭಯಕ್ಕೆ ನ್ಯೂಟ್ರಲ್ ಮಾಡಿಕೊಂಡು ಇಳಿಯುವ ಸಾಹಸವಂತೂ ಬೇಡವೇ ಬೇಡ. ಬ್ರೇಕಿಗಿಂತ ವಾಲ್ವ್ ಅಗ್ಗ.

ಸಣ್ಣ ಓಟವೇ ಹೆಚ್ಚಿದ್ದರೆ ಹತ್ತು ಅಥವಾ ಹದಿನೈದು ಸಾವಿರ ಕಿಲೋಮೀಟರ್ ಕಾಯದೆ ಆರು ತಿಂಗಳಿಗೊಮ್ಮೆ ಆಯಿಲ್ ಬದಲಿಸಿ. ಪಿಸಿವಿ ಕೆಟ್ಟಿದ್ದರೆ ಕಂಪನಿಯದೇ ಹೊಸದು ಹಾಕಿಸಿ. ಇಷ್ಟಾದ ಮೇಲೂ ಇಂಟರ್‌ಕೂಲರ್ ಪೈಪಿನಲ್ಲಿ ಎಣ್ಣೆ ನಿಲ್ಲುತ್ತಿದ್ದರೆ, ಅಥವಾ ವಾಲ್ವುಗಳನ್ನು ಒಮ್ಮೆ ದುಬಾರಿ ಬೆಲೆಗೆ ಸ್ವಚ್ಛ ಮಾಡಿಸಿ ಮತ್ತೆ ಆ ಖರ್ಚು ಬೇಡವೆನಿಸಿದರೆ ಮುಂದಿನ ಹಂತಕ್ಕೆ ಬನ್ನಿ.

ಹಂತ 3: ವಾರಂಟಿ ಮತ್ತು ಕಾನೂನು

ವಾರಂಟಿ ಇರುವ ಗಾಡಿಗೆ ಹಾಕಿಸಬೇಡಿ. ನಾಳೆ ಟರ್ಬೊ ಹೋದರೆ ಸರ್ವೀಸ್ ಸೆಂಟರಿನವರ ಕಣ್ಣು ಮೊದಲು ಬೀಳುವುದು ಆ ಹೊಳೆಯುವ ಡಬ್ಬಿಯ ಮೇಲೆ.

ಡಬ್ಬಿಗೆ ಸಣ್ಣ ಫಿಲ್ಟರ್ ಇಟ್ಟು ಅನಿಲವನ್ನು ಹೊರಗೆ ಬಿಡುವ ತೆರೆದ ಮಾದರಿಯೂ ಮಾರುಕಟ್ಟೆಯಲ್ಲಿದೆ. ಅದನ್ನು ಮುಟ್ಟಬೇಡಿ. ಕ್ರ್ಯಾಂಕ್‌ಕೇಸ್ ಅನಿಲವನ್ನು ಹೊರಬಿಡದಿರುವುದು ಗಾಡಿಯ ಮಾಲಿನ್ಯ ನಿಯಂತ್ರಣದ ಭಾಗ. ಕಾಯ್ದೆ ಒಪ್ಪದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ ಮಾಲೀಕನಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಬೀಳಬಹುದು. ಕಾನೂನು ಬದಿಗಿರಲಿ, ಎಸಿ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತಾಗ ಆ ಹೊಗೆ ಸೀದಾ ನಿಮ್ಮ ಮೂಗಿಗೇ ಬರುತ್ತದೆ. ಹೋದ ಅನಿಲ ಮತ್ತೆ ಎಂಜಿನ್ನಿಗೇ ಮರಳುವ ಮುಚ್ಚಿದ ಮಾದರಿಯನ್ನೇ ಆರಿಸಿ.

ಹಂತ 4: ಡಬ್ಬಿ ಆರಿಸುವುದು

ಆನ್‌ಲೈನಿನಲ್ಲಿ ಒಂದೆರಡು ಸಾವಿರಕ್ಕೆ ಸಿಗುವ ಹೆಚ್ಚಿನವು ಬರಿಯ ಖಾಲಿ ಡಬ್ಬಿ. ಒಂದು ತೂತಿನಿಂದ ಬಂದ ಗಾಳಿ ಇನ್ನೊಂದರಿಂದ ಸುಮ್ಮನೆ ಹೋಗುತ್ತದೆ, ಎಣ್ಣೆಯ ಮಂಜನ್ನೂ ಜೊತೆಗೇ ಕರೆದುಕೊಂಡು. ಒಳಗೆ ಅಡ್ಡಗೋಡೆಗಳಿರಬೇಕು, ಅಥವಾ ಹೆಣೆದ ಸ್ಟೀಲ್ ಜಾಲರಿ ಇರಬೇಕು. ಗಾಳಿ ತಿರುವಿನಲ್ಲಿ ತಿರುಗಿಕೊಳ್ಳುತ್ತದೆ. ಭಾರವಾದ ಹನಿ ತಿರುಗಲಾರದೆ ಗೋಡೆಗೆ ಬಡಿದು ಕೆಳಗಿಳಿಯುತ್ತದೆ. ಕೊಳ್ಳುವ ಮೊದಲು ಮುಚ್ಚಳ ಬಿಚ್ಚಿದ ಚಿತ್ರ ಕೇಳಿ. ಕೊಡದಿದ್ದರೆ ಬೇಡ.

ಖಾಲಿ ಡಬ್ಬಿಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕುವ ಸ್ಥಳೀಯ ವಿದ್ಯೆಯೊಂದಿದೆ. ಒಂದು ಗ್ಯಾರೇಜಿನಲ್ಲಿ ಅಂಥದ್ದನ್ನು ಬಿಚ್ಚಿ ನೋಡಿದ್ದೇನೆ: ನಾರು ತುಕ್ಕು ಹಿಡಿದು, ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಆ ಪುಡಿಯ ಮುಂದಿನ ನಿಲ್ದಾಣ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೊ ಚಕ್ರ.

ಗಾತ್ರ 300ರಿಂದ 500 ಮಿಲಿ ಲೀಟರ್ ಇದ್ದರೆ ಸಾಕು. ಕೆಳಗೆ ನಲ್ಲಿ ಇರಲಿ, ಮಟ್ಟ ನೋಡಲು ಕಡ್ಡಿ ಇರಲಿ. ಡೀಸೆಲಿಗೆ ಜಾಲರಿಯ ಬದಲು ಬದಲಾಯಿಸಬಹುದಾದ ಫಿಲ್ಟರ್ ಮತ್ತು ಒತ್ತಡ ಹೆಚ್ಚಿದರೆ ತಾನೇ ತೆರೆಯುವ ಕವಾಟ ಇರುವ ಮಾದರಿ ಉತ್ತಮ; ಮಾನ್-ಹುಮ್ಮೆಲ್ ಕಂಪನಿಯ ಪ್ರೊವೆಂಟ್ ಈ ಬಗೆಯದು. ನಿಮ್ಮ ಎಂಜಿನ್ನಿಗೆಂದೇ ಮಾಡಿದ ಕಿಟ್ ಸಿಕ್ಕರೆ ದುಬಾರಿಯಾದರೂ ಅದನ್ನೇ ಕೊಳ್ಳಿ. ಈಗಿನ ಹಲವು ಎಂಜಿನ್‌ಗಳಲ್ಲಿ ಪಿಸಿವಿ ಮತ್ತು ಎಣ್ಣೆ ಬೇರ್ಪಡಿಸುವ ಅಂಗ ಎಂಜಿನ್ನಿನ ಪ್ಲಾಸ್ಟಿಕ್ ಮುಚ್ಚಳದೊಳಗೇ ಅಡಗಿರುತ್ತವೆ. ಹೊರಗೆ ಕತ್ತರಿಸಲು ಪೈಪೇ ಇರುವುದಿಲ್ಲ. ಅಂಥ ಕಡೆ ತೂತು ಕೊರೆಯಲು ಹೊರಡುವ ಮೆಕ್ಯಾನಿಕ್ಕಿಗೆ ಕಾಫಿ ಕೊಟ್ಟು ಕಳಿಸಿ.

ಹಂತ 5: ಪೈಪು ಮತ್ತು ಜಾಗ

ಪೈಪಿನ ಒಳ ಅಳತೆ ಮೂಲ ಪೈಪಿಗಿಂತ ಕಿರಿದಾಗಬಾರದು. ಕಿರಿದಾದರೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರುತ್ತದೆ. ಟರ್ಬೊ ಸವೆಯದಂತೆ ಅದರ ಜಾರಿಕೆಗೆ ಹೋದ ಎಣ್ಣೆ ಬರಿಯ ಭಾರದಿಂದ ಕೆಳಗೆ ಇಳಿದು ಬರಬೇಕು. ಕೆಳಗೆ ಒತ್ತಡವಿದ್ದರೆ ಇಳಿಯದೆ ಟರ್ಬೊ ಸೀಲಿನಿಂದ ಸೋರುತ್ತದೆ. ಎಣ್ಣೆ ತಡೆಯಲು ಹಾಕಿದ ಡಬ್ಬಿಯೇ ಎಣ್ಣೆ ಸೋರಿಸಿದಂತಾಯಿತು.

ನೈಟ್ರೈಲ್ ಅಥವಾ ಫ್ಲೋರೊ ರಬ್ಬರಿನ, ಎಣ್ಣೆ ತಡೆಯುವ ಹೋಸ್ ಕೇಳಿ. ರೇಡಿಯೇಟರಿನ ನೀರಿನ ಹೋಸ್ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಔಷಧಿ ಸಿಂಪಡಿಸುವ ಪಾರದರ್ಶಕ ಪ್ಲಾಸ್ಟಿಕ್ ಪೈಪು ಕಾವಿಗೆ ಬಾಗಿ ಮುಚ್ಚಿಕೊಳ್ಳುತ್ತದೆ. ತೋಟದ ಶೆಡ್ಡಿನಲ್ಲಿ ಇದೆಯೆಂದು ಅದನ್ನು ತರಬೇಡಿ.

ಡಬ್ಬಿ ಟರ್ಬೊದಿಂದ ದೂರ, ಆದಷ್ಟು ತಂಪಾದ ಮೂಲೆಯಲ್ಲಿರಲಿ; ತಂಪಿದ್ದಷ್ಟೂ ಆವಿ ಹನಿಯಾಗುತ್ತದೆ. ಪೈಪು ಎಂಜಿನ್ನಿನಿಂದ ಡಬ್ಬಿಗೆ ಇಳಿಜಾರಾಗಿ ಬರಬೇಕು, ನಡುವೆ ಜೋಲು ಬಿದ್ದರೆ ಅಲ್ಲಿ ನೀರು ಎಣ್ಣೆ ನಿಂತು ಕಟ್ಟುತ್ತದೆ. ಡಬ್ಬಿಯನ್ನು ಗಾಡಿಯ ಮೈಗೆ ಬಿಗಿದರೆ, ಎಂಜಿನ್ ಅಲುಗಾಡುವುದಕ್ಕೆ ಪೈಪಿನಲ್ಲಿ ಸ್ವಲ್ಪ ಸಡಿಲ ಬಿಡಿ. ಬಾನೆಟ್ ಮುಚ್ಚಿದಾಗ ತಾಗುತ್ತದೆಯೇ ಎಂದು ಡಬ್ಬಿಯ ತಲೆಯ ಮೇಲೆ ಹಿಟ್ಟಿನ ಉಂಡೆ ಇಟ್ಟು ಮುಚ್ಚಿ ತೆರೆದು ನೋಡಿ.

ಹಂತ 6: ಜೋಡಿಸುವುದು

ಪೆಟ್ರೋಲಿನಲ್ಲಿ ಯಾವ ದಾರಿಗೆ ಹಾಕುತ್ತೀರಿ ಎಂಬುದೇ ಮುಖ್ಯ. ಇಂಟರ್‌ಕೂಲರಿನ ಎಣ್ಣೆ ನಿಮ್ಮ ತೊಂದರೆಯಾದರೆ ಬ್ರೀದರ್ ದಾರಿಗೆ. ವಾಲ್ವಿನ ಕರಿ ತಡೆಯಬೇಕೆಂದರೆ ಪಿಸಿವಿಯಿಂದ ಮ್ಯಾನಿಫೋಲ್ಡಿಗೆ ಹೋಗುವ ದಾರಿಗೆ. ಊರಿನ ನಿಧಾನ ಓಟದಲ್ಲಿ ಹೆಚ್ಚು ಬಳಕೆಯಾಗುವುದು ಈ ಪಿಸಿವಿ ದಾರಿಯೇ. ಎರಡಕ್ಕೂ ಬೇಕಾದರೆ ಎರಡು ಡಬ್ಬಿ, ಇಲ್ಲವೇ ಮೂರು ಬಾಯಿಯ ಒಂದು ಡಬ್ಬಿ.

ಪಿಸಿವಿ ದಾರಿಗೆ ಹಾಕುವಾಗ ಹೆಚ್ಚಿನವರು ಎಡವುವ ಜಾಗ ಒಂದಿದೆ. ಟರ್ಬೊ ಒತ್ತಿದಾಗ ಮ್ಯಾನಿಫೋಲ್ಡಿನ ಗಾಳಿ ಹಿಂದಕ್ಕೆ ಡಬ್ಬಿಯೊಳಗೆ ನುಗ್ಗುತ್ತದೆ. ಆದ್ದರಿಂದ ಡಬ್ಬಿಗೂ ಮ್ಯಾನಿಫೋಲ್ಡಿಗೂ ನಡುವೆ ಇನ್ನೊಂದು ಒಮ್ಮುಖ ಕವಾಟ ಬೇಕು, ಅದರ ಮೇಲಿನ ಬಾಣ ಮ್ಯಾನಿಫೋಲ್ಡಿನ ಕಡೆಗಿರಬೇಕು. ತಿರುಗುಮುರುಗಾದರೆ ಕ್ರ್ಯಾಂಕ್‌ಕೇಸಿಗೆ ಟರ್ಬೊ ಒತ್ತಡ ಸಿಕ್ಕು ಡಿಪ್‌ಸ್ಟಿಕ್ ಹಾರಿ ಬರಬಹುದು. ಜೋಡಿಸುವ ಮೊದಲು ಬಾಯಿಂದ ಊದಿ ದಿಕ್ಕು ನೋಡಿಕೊಳ್ಳಿ. ಮೂಲ ಪಿಸಿವಿ ವಾಲ್ವನ್ನು ತೆಗೆಯಬೇಡಿ, ಅದು ಇದ್ದಲ್ಲೇ ಇರಲಿ.

ಡೀಸೆಲಿನಲ್ಲಿ ಸಾಮಾನ್ಯವಾಗಿ ದಾರಿ ಒಂದೇ: ಎಂಜಿನ್ ಮುಚ್ಚಳದಿಂದ ಟರ್ಬೊ ಬಾಯಿಗೆ. ಜೋಡಿಸುವುದು ಸುಲಭ, ಅಪಾಯ ದೊಡ್ಡದು. ಡಬ್ಬಿ ತುಂಬಿ ತುಳುಕಿದರೆ ಅಥವಾ ತಿರುವಿನಲ್ಲಿ ವಾಲಿ ಎಣ್ಣೆ ಒಮ್ಮೆಲೇ ಟರ್ಬೊಗೆ ಹೋದರೆ, ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಇಂಧನ ಮಾಡಿಕೊಂಡು ತಾನಾಗಿ ಓಡಬಲ್ಲದು. ಆರ್‌ಪಿಎಂ ಏರುತ್ತಲೇ ಹೋಗುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಮ್ಯಾನುಯಲ್ ಗಾಡಿಯಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರು ಕಟ್ಟಿಸಿ ನಿಲ್ಲಿಸಬೇಕು. ಗಾಳಿ ಎಳೆಯುವ ಬಾಯಿಗೆ ಕೈ ಅಡ್ಡ ಇಡಲು ಹೋಗಬೇಡಿ. ಡಬ್ಬಿ ಖಾಲಿ ಮಾಡದವರು ಹಾಕಿಸಲೇಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಹಂತ 7: ಮೊದಲ ಓಟ

ಎಂಜಿನ್ ಚಾಲೂ ಮಾಡಿ ಎಲ್ಲ ಜೋಡಣೆಗಳ ಹತ್ತಿರ ಕಿವಿ ಇಡಿ. ಬುಸ್ ಎನ್ನುವ ಸದ್ದು ಗಾಳಿ ಸೋರಿಕೆಯದು. ಎಂಜಿನ್ನಿನ ಕಂಪ್ಯೂಟರ್ ಲೆಕ್ಕಕ್ಕೆ ಸಿಗದ ಗಾಳಿ ಒಳಬಂದರೆ ಐಡಲ್ ಏರಿಳಿಯುತ್ತದೆ, ಚೆಕ್ ಎಂಜಿನ್ ದೀಪ ಹೊತ್ತುತ್ತದೆ. ಸ್ಕ್ಯಾನರಿಗೆ ಹಚ್ಚಿದರೆ ಬಹಳ ಸಲ ಪಿ 0171, ಅಂದರೆ ಇಂಧನಕ್ಕಿಂತ ಗಾಳಿ ಹೆಚ್ಚಾಗಿದೆ ಎಂಬ ಸಂಕೇತ ಬರುತ್ತದೆ. ಆಕ್ಸಿಜನ್ ಸೆನ್ಸರ್ ಬದಲಿಸಿ ಎನ್ನುವವರ ಮಾತಿಗೆ ಮೊದಲು ಕ್ಲಿಪ್ ಬಿಗಿ ನೋಡಿ. ಕೈಗವಸಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಎಳೆತ ಮೊದಲಿನಷ್ಟೇ ಇರಬೇಕು.

ಹಂತ 8: ಖಾಲಿ ಮಾಡುವುದು, ಅಳೆಯುವುದು

ಮೊದಲ 500 ಕಿಲೋಮೀಟರಿಗೆ ಒಮ್ಮೆ ನೋಡಿ. ಆಮೇಲೆ ಸಾವಿರಕ್ಕೊಮ್ಮೆ. ಜೂನ್‌ನಿಂದ ಫೆಬ್ರವರಿವರೆಗೆ ಸಣ್ಣ ಓಟವೇ ಹೆಚ್ಚಿರುವವರು ಹದಿನೈದು ದಿನಕ್ಕೊಮ್ಮೆ. ತಣ್ಣಗಿನ ದೇಶಗಳ ವಿಡಿಯೊಗಳಲ್ಲಿ ಡಬ್ಬಿಯ ನೀರು ಹೆಪ್ಪುಗಟ್ಟಿ ಎಂಜಿನ್ ಸೀಲ್ ಹಾರಿದ ಕಥೆ ಕೇಳಿರುತ್ತೀರಿ. ನಮ್ಮಲ್ಲಿ ಆ ಭಯವಿಲ್ಲ, ಡಬ್ಬಿ ಬೇಗ ತುಂಬುವ ಭಯ ಮಾತ್ರ ಇದೆ.

ಎಂಜಿನ್ ತಣಿದ ಮೇಲೆ ನಲ್ಲಿ ಬಿಚ್ಚಿ ಗಾಜಿನ ಉಪ್ಪಿನಕಾಯಿ ಬಾಟಲಿಗೆ ಹಿಡಿಯಿರಿ. ಚಳಿಗಾಲದಲ್ಲಿ ಬರುವುದು ಹಾಲು ಹೆಚ್ಚಾದ ಕಾಫಿಯ ಬಣ್ಣದ, ಲೋಳೆಯಂಥ ದ್ರವ. ಮೂಗಿಗೆ ಪೆಟ್ರೋಲ್ ಬಂಕಿನ ವಾಸನೆ ಹೊಡೆಯುತ್ತದೆ. ಇಷ್ಟೊಂದು ಎಣ್ಣೆ ಹೋಗುತ್ತಿತ್ತೇ ಎಂದು ಎದೆ ಒಡೆದುಕೊಳ್ಳಬೇಡಿ, ಒಂದೆರಡು ದಿನ ಅಲುಗಾಡಿಸದೆ ಇಡಿ. ತಳದಲ್ಲಿ ನೀರು ಬೇರೆಯಾಗುತ್ತದೆ, ಮೇಲೆ ಉಳಿಯುವ ಕಪ್ಪು ಪದರವೇ ನಿಜವಾದ ಎಣ್ಣೆ. ಅದನ್ನು ಮಾತ್ರ ಅಳೆದು ಕಿಲೋಮೀಟರ್ ಜೊತೆ ಬರೆಯಿರಿ. ನನ್ನ ಅನುಭವದ ಗೆರೆ ಹೀಗಿದೆ: ಸಾವಿರ ಕಿಲೋಮೀಟರಿಗೆ ಒಂದೆರಡು ಚಮಚ ಎಣ್ಣೆ ಬಂದರೆ ಎಂಜಿನ್ ಆರೋಗ್ಯವಾಗಿದೆ, ನಿಮಗೆ ಕ್ಯಾನ್ ಅಷ್ಟೇನೂ ಬೇಕಿರಲಿಲ್ಲ. ಕಾಲು ಲೋಟ ಬಂದರೆ ಕ್ಯಾನ್ ತನ್ನ ಬೆಲೆ ತೀರಿಸುತ್ತಿದೆ. ತಿಂಗಳಿಂದ ತಿಂಗಳಿಗೆ ಏರುತ್ತಾ ಹೋದರೆ ಡಬ್ಬಿ ದೊಡ್ಡದು ಮಾಡುವುದಲ್ಲ, ರಿಂಗು ಪರೀಕ್ಷೆ ಮಾಡಿಸುವುದು ಕೆಲಸ. ಹೀಗೆ ಅಳತೆಗೋಲಾಗಿ ಸಿಗುವ ಉಪಯೋಗವೇ ಕೆಲವೊಮ್ಮೆ ಈ ಡಬ್ಬಿಯ ಮುಖ್ಯ ಉಪಯೋಗ ಎಂದು ನನಗನ್ನಿಸುತ್ತದೆ.

ಡಬ್ಬಿಗೆ ಬಂದದ್ದನ್ನು ಮತ್ತೆ ಎಂಜಿನ್ನಿಗೆ ಸುರಿಯುವವರೂ ಇದ್ದಾರೆ. ನೀರು, ಪೆಟ್ರೋಲ್, ಆಮ್ಲ ಬೆರೆತದ್ದನ್ನು ಹಿಂದಕ್ಕೆ ಹಾಕಬಾರದು. ತೋಟದ ಚರಂಡಿಗೂ ಚೆಲ್ಲಬೇಡಿ. ನಮ್ಮ ತೋಟಗಳ ಹಳ್ಳಗಳ ನೀರು ಯಗಚಿಗೋ ಹೇಮಾವತಿಗೋ ಭದ್ರೆಗೋ ಹೋಗಿ ಸೇರುವುದು. ಹಳೆಯ ಆಯಿಲ್ ಡಬ್ಬಿಯಲ್ಲಿ ಕೂಡಿಟ್ಟು, ಗ್ಯಾರೇಜಿನವರು ಬಳಸಿದ ಆಯಿಲ್ ಶೇಖರಿಸುವ ಬ್ಯಾರೆಲಿಗೆ ಸೇರಿಸಿ. ವರ್ಷಕ್ಕೊಮ್ಮೆ ಡಬ್ಬಿಯ ಜಾಲರಿಯನ್ನು ಡೀಸೆಲಿನಲ್ಲಿ ತೊಳೆದು, ಒಣಗಿಸಿ ಹಾಕಿ. ಹೋಸ್ ಬಿರುಕು ಬಿಟ್ಟಿದೆಯೇ ಎಂದು ಬಾಗಿಸಿ ನೋಡಿ.

ಬಿಚ್ಚಿದ ಮೂಲ ಹೋಸ್ ಮತ್ತು ಕ್ಲಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಇಡಿ. ಶಿರಾಡಿ ಘಾಟಿಯ ನಡುವೆ ಡಬ್ಬಿಯ ಬ್ರಾಕೆಟ್ ಮುರಿದರೆ, ಹತ್ತು ನಿಮಿಷದಲ್ಲಿ ಗಾಡಿಯನ್ನು ಮೊದಲಿನಂತೆ ಮಾಡಿಕೊಂಡು ಮನೆ ಸೇರಬಹುದು.